ಆ ಟ್ಯಾಬ್ ಯಾಕ್ರೀ ಮುಚ್ಚಿದ್ರಿ?

ನೋಡ್ಬಿಟ್ಟೆ ಬಿಡಿ, ಈಗ ಮುಚ್ಚಿಟ್ಟು ಪ್ರಯೋಜನ ಇಲ್ಲ. ಟೀಮ್ ಲೀಡ್ ಕಾಫಿ ಲೋಟ ಹಿಡ್ಕೊಂಡು ನಿಮ್ಮ ಸೀಟಿನ ಹಿಂದೆ ಬಂದ್ರು, ನಿಮ್ಮ ಎಡಗೈ ತಾನಾಗೇ ಕಂಟ್ರೋಲ್ ಡಬ್ಲ್ಯೂ ಒತ್ತಿತು. ಏನಿತ್ತು ಆ ಟ್ಯಾಬಲ್ಲಿ? ಕ್ರಿಕೆಟ್ ಸ್ಕೋರಾ? ಛೆ, ಅದನ್ನ ನೀವು ರಾಜಾರೋಷವಾಗಿ ತೆಗೆದಿಟ್ಕೊಂಡಿರ್ತೀರಿ. ಇದ್ದದ್ದು ವೆಬ್ ಕೆಲಸದವರ ಮ್ಯಾನ್ಯುಯಲ್ ತಾಣ ಎಂಡಿಎನ್‌ನ ಫ್ಲೆಕ್ಸ್‌ಬಾಕ್ಸ್ ಪುಟ!

ಹತ್ತು ಹನ್ನೆರಡು ವರ್ಷದ ಸರ್ವೀಸು. ರೆಸ್ಯೂಮೆಯಲ್ಲಿ 'ಎಕ್ಸ್‌ಪರ್ಟ್ ಇನ್ ಎಚ್‌ಟಿಎಂಎಲ್, ಸಿಎಸ್‌ಎಸ್, ಜಾವಾಸ್ಕ್ರಿಪ್ಟ್' ಅಂತ ದಪ್ಪಕ್ಷರ. ಅಂಥವರು ಜಸ್ಟಿಫೈ-ಕಂಟೆಂಟ್ ಅಡ್ಡಕ್ಕೋ ಉದ್ದಕ್ಕೋ ಅಂತ ನೋಡ್ತಾ ಕೂತಿದ್ರೆ ಮರ್ಯಾದೆ ಏನಾಗ್ಬೇಕು, ಅಲ್ವಾ? (ಆ ಲೀಡ್ ಕೂಡ ನಿನ್ನೆ ಇದೇ ಪುಟ ನೋಡಿದ್ರು. ಅದು ಅವರ ಬ್ರೌಸರ್ ಹಿಸ್ಟರಿಗೆ ಮಾತ್ರ ಗೊತ್ತು.)

ಒಂದು ಮಾತು ಕೇಳ್ತೀನಿ. ಮಗಳ ಮದುವೆಗೆ ಮುಹೂರ್ತ ಇಡಿಸೋಕೆ ಹೋಗ್ತೀರಿ. ಎಪ್ಪತ್ತು ದಾಟಿದ ಪುರೋಹಿತರು ಕನ್ನಡಕ ಏರಿಸಿ ಪಂಚಾಂಗ ಬಿಚ್ತಾರೆ. 'ಅಯ್ಯೋ, ಇಷ್ಟು ವರ್ಷ ಆದ್ರೂ ಇವರಿಗೆ ಬಾಯಿಗೆ ಬರಲ್ವಾ' ಅಂತೀರಾ? ಬದಲಿಗೆ ನೋಡದೇ ಹೇಳಿದ್ರೆ ಎದ್ದು ಬೇರೆಯವರ ಹತ್ರ ಹೋಗ್ತೀರಿ. ಅವರು ನೋಡಿ ಹೇಳಿದ್ರೆ ಶಾಸ್ತ್ರ, ನೀವು ನೋಡಿ ಬರೆದ್ರೆ ಅವಮಾನ. ಯಾವ ಊರ ನ್ಯಾಯ ಇದು?

ಇರ್ಲಿ. ಸ್ಲೈಸ್ ಯಾವುದು ಸ್ಪ್ಲೈಸ್ ಯಾವುದು, ಮಾರ್ಜಿನ್‌ನ ನಾಲ್ಕು ನಂಬರಲ್ಲಿ ಎರಡನೇದು ಬಲಗಡೆದಾ ಕೆಳಗಿನದಾ, ಇಂಥವನ್ನ ನೀವು ಎಷ್ಟು ಸಲ ನೋಡಿದ್ರೂ ನನ್ನ ತಕರಾರಿಲ್ಲ. ಗೊತ್ತಿಲ್ಲ ಅಂತ ಗೊತ್ತಿದೆ, ನೋಡ್ತೀರಿ, ಮರೀತೀರಿ, ಮತ್ತೆ ನೋಡ್ತೀರಿ. ಅದರಿಂದ ಯಾರ ಮನೇನೂ ಮುಳುಗಲ್ಲ. ನನ್ನ ಜಗಳ ಇರೋದು 'ಇದೇನು ಮಹಾ, ನಂಗೊತ್ತು' ಅಂತ ನೀವು ನೋಡದೇ ಬರೀತೀರಲ್ಲ, ಅದರ ಮೇಲೆ.

ಉದಾಹರಣೆ ಬೇಕಾ? ನೀವು ದಿನಾ ಗಾಡಿ ಹತ್ತಿಸ್ಕೊಂಡು ಹೋಗೋ ಕೊಯಮತ್ತೂರಿನ ಉಕ್ಕಡಂ–ಆತ್ತುಪ್ಪಾಲಂ ಫ್ಲೈಓವರನ್ನೇ ತಗೊಳ್ಳಿ. ಉದ್ಘಾಟನೆ ಆಗಿದ್ದು 2024ರ ಆಗಸ್ಟ್ 9. ಅದನ್ನ ಪೇಜಲ್ಲಿ ಹಾಕ್ಬೇಕು. ನೀವು ಜಾವಾಸ್ಕ್ರಿಪ್ಟಿನ ಡೇಟ್‌ಗೆ ಸಲೀಸಾಗಿ 2024, 8, 9 ಅಂತ ಕೊಡ್ತೀರಿ. ಪೇಜು ಅಷ್ಟೇ ಸಲೀಸಾಗಿ ಸೆಪ್ಟೆಂಬರ್ 9 ಅಂತ ತೋರಿಸುತ್ತೆ.

ಯಾಕಂದ್ರೆ ಅಲ್ಲಿ ಜನವರಿ ಅಂದ್ರೆ ಸೊನ್ನೆ. ತಾರೀಕು ಮಾತ್ರ ಒಂದರಿಂದ ಶುರು, ತಿಂಗಳು ಸೊನ್ನೆಯಿಂದ. 1995ರ ಮೇ ತಿಂಗಳಲ್ಲಿ ಬ್ರೆಂಡನ್ ಐಕ್ 10 ದಿನದಲ್ಲಿ ಕಟ್ಟಿ ನಿಲ್ಲಿಸಿದ ಭಾಷೆ ಅದು, ತಾರೀಕಿನ ಲೆಕ್ಕಾನ ಜಾವಾದಿಂದ ಹಂಗೇ ಎತ್ಕೊಂಡ್ರು. ಆ ಅವಸರಕ್ಕೆ ನಾವು ಇವತ್ತಿಗೂ ದಂಡ ಕಟ್ತಾ ಇದೀವಿ. (ಸರ್ಕಾರಿ ಸೇತುವೆ ಒಂದು ತಿಂಗಳು ತಡ ಅಂತ ತೋರಿಸಿದ್ರೆ ಯಾರೂ ಅನುಮಾನ ಪಡಲ್ಲ, ಅದು ನಿಮ್ಮ ಪುಣ್ಯ.)

ಇನ್ನೊಂದು. ತಿರುಪ್ಪೂರಿನ ಯಾವುದೋ ಬನಿಯನ್ ಕಂಪನಿಗೆ ಪೇಜು ಮಾಡಿಕೊಡ್ತಿದೀರಿ ಅಂತ ಇಟ್ಕೊಳ್ಳಿ. 90, 250, 1000 ರೂಪಾಯಿಯ ಮಾಲು. 'ಕಡಿಮೆ ಬೆಲೆ ಮೊದಲು' ಅಂತ ಬಟನ್ ಇಟ್ಟು ಒಳಗೆ ಬರೀ ಸಾರ್ಟ್ ಅಂತ ಬರೆದು ಕೈ ತೊಳ್ಕೊಂಡ್ರಿ. ಬಟನ್ ಒತ್ತಿದ್ರೆ ಮೊದಲು ಸಾವಿರದ್ದು, ಆಮೇಲೆ 250, ಕೊನೆಗೆ ಪಾಪ 90! ನೀವು ಬೇರೆ ಏನೂ ಹೇಳದೇ ಇದ್ರೆ ಅದು ನಂಬರನ್ನೂ ಅಕ್ಷರ ಅಂದ್ಕೊಂಡೇ ಜೋಡಿಸೋದು. ಕಂಪನಿ ಓನರ್ರು ಫೋನ್ ಮಾಡಿ 'ಏನುಂಗ ತಂಬಿ ಇದು' ಅಂತಾರೆ. ನೀವು 'ಕ್ಯಾಶ್ ಕ್ಲಿಯರ್ ಮಾಡಿ ಸಾರ್' ಅಂತೀರಿ. ಅಂದೇ ಇಲ್ಲ ಅಂತ ಹೇಳಿ ನೋಡೋಣ.

ಪ್ಯಾಡಿಂಗ್-ಟಾಪ್‌ಗೆ 10 ಪರ್ಸೆಂಟ್ ಅಂತ ಕೊಟ್ಟಿದೀರಲ್ಲ, ಅದು ಯಾವುದರ ಪರ್ಸೆಂಟು? ಎತ್ತರದ್ದು ಅಂದ್ರಾ? ಅಲ್ಲ ಸ್ವಾಮಿ, ಸಾಮಾನ್ಯ ಪೇಜಲ್ಲಿ ಅದು ಹೊರಗಿನ ಡಬ್ಬಿಯ ಅಗಲದ ಲೆಕ್ಕ. ಮೇಲುಗಡೆ ಜಾಗಕ್ಕೂ ಅಗಲದ ಅಳತೆ! ಇಷ್ಟು ವರ್ಷ ಅಂದಾಜಲ್ಲಿ ನಂಬರ್ ಹೆಚ್ಚು ಕಡಿಮೆ ಮಾಡಿ 'ಹಾಂ, ಈಗ ಸರಿ ಕಾಣ್ತಿದೆ' ಅಂತ ದಡ ಸೇರ್ತಾ ಬಂದಿದೀರಿ. ಮೊಬೈಲ್ ಅಡ್ಡ ತಿರುಗಿಸಿದ್ರೆ ಯಾಕೆ ಉಬ್ಬುತ್ತೆ ಅಂತ ಯಾವತ್ತೂ ಕೇಳ್ಕೊಳ್ಳಲಿಲ್ಲ.

ನೋಡಿ, ಹೊಸ ಹುಡುಗ ಇಂಥ ಕಡೆ ಜಾರೋದು ಕಡಿಮೆ. ಅವನಿಗೆ ಎಲ್ಲದರ ಮೇಲೂ ಅನುಮಾನ, ಪ್ರತಿ ಸಾಲಿಗೂ ಪುಟ ತಿರುಗಿಸ್ತಾನೆ. ಮ್ಯಾನ್ಯುಯಲ್ ಅಂದ್ರೆ ಕಲಿಯೋರಿಗೆ ಅಂತ ನೀವು ಅಂದ್ಕೊಂಡಿದೀರಿ. ನನ್ನ ಕೇಳಿದ್ರೆ ಅದು ಬೇಕಾಗಿರೋದು ಕಲಿತು ಮುಗೀತು ಅಂತ ಕಾಲ ಮೇಲೆ ಕಾಲು ಹಾಕ್ಕೊಂಡು ಕೂತಿರೋರಿಗೆ. ಯಾರು ಅಂತ ಹೆಸರು ಹೇಳಲ್ಲ.

'ಸರಿ, ಅನುಮಾನವೇ ಬರದಿದ್ರೆ ನೋಡೋದಾದ್ರೂ ಹೆಂಗೆ' ಅಂತ ಈಗ ಪಟ್ಟು ಹಾಕ್ತೀರಿ. ಒಳ್ಳೇ ಪ್ರಶ್ನೆ. ಅದಕ್ಕೇ ನಾನು ಮ್ಯಾನ್ಯುಯಲ್ ಅಂತಿರೋದು, ಎಐ ಅಂತಿಲ್ಲ. ಎಐ ಹತ್ರ ನೀವು ಕೇಳಿದ್ದಕ್ಕೆ ಉತ್ತರ ಸಿಗುತ್ತೆ (ಕೆಲವು ಸಲ ಸುಳ್ಳನ್ನೂ ಅದೇ ಗತ್ತಲ್ಲಿ ಹೇಳುತ್ತೆ, ಬಿಡಿ). ಆದ್ರೆ ನಿಮಗೆ ಗೊತ್ತಿದೆ ಅನ್ನಿಸಿದ್ದನ್ನ ನೀವು ಕೇಳೋದೇ ಇಲ್ವಲ್ಲ! ಮ್ಯಾನ್ಯುಯಲಲ್ಲಿ ಒಂದನ್ನ ಹುಡುಕ್ತಾ ಹೋದ್ರೆ ಪಕ್ಕದ ಸಾಲು ಕಣ್ಣಿಗೆ ಬೀಳುತ್ತೆ. ಬೀಳಬೇಕಾದ್ದು ಅದೇ.

ಇಂಥ ಪುಸ್ತಕ ಎಲ್ಲಿ ಸಿಗುತ್ತೆ ಅಂತ ದೂರ ಹೋಗ್ಬೇಡಿ. ಉಕ್ಕಡಂ ಬಸ್ ಸ್ಟ್ಯಾಂಡಿನ ಆಸುಪಾಸು ಹಳೇ ಪುಸ್ತಕದ ಅಂಗಡಿಗಳಿವೆಯಲ್ಲ, ಪಾಲಕ್ಕಾಡ್ ಬಸ್ಸು, ಪೊಳ್ಳಾಚಿ ಬಸ್ಸು ಕಾಯ್ತಾ ಕಾಯ್ತಾ ನೋಡಿರ್ತೀರಿ. ನೀಟ್ ಗೈಡು, ಬ್ಯಾಂಕ್ ಪರೀಕ್ಷೆ ಗೈಡುಗಳ ಅಡಿಯಲ್ಲಿ ಕೈ ಹಾಕಿದ್ರೆ ಅದೃಷ್ಟ ಇದ್ದ ದಿನ ಒಂದು ಖಡ್ಗಮೃಗ ಹೊರಗೆ ಬರಬಹುದು. ಗಾಬರಿ ಆಗ್ಬೇಡಿ, ಓ'ರೈಲಿಯವರ ಪುಸ್ತಕದ ಮುಖಪುಟ ಅದು. ಡೇವಿಡ್ ಫ್ಲಾನಗನ್ ಬರೆದ ಜಾವಾಸ್ಕ್ರಿಪ್ಟ್ ಪುಸ್ತಕ, ಮೊದಲು ಬಂದಿದ್ದು 1996ರಲ್ಲಿ.

ಅದರಲ್ಲಿ ಒಂದು ಮಜಾ ಇದೆ. 2011ರ ಆರನೇ ಎಡಿಷನ್ನು ಸಾವಿರ ಪುಟ ದಾಟಿತ್ತು, ಹಿಂದಿನ ಭಾಗ ಪೂರ್ತಿ ರೆಫರೆನ್ಸು. 2020ರ ಏಳನೇ ಎಡಿಷನ್ನಲ್ಲಿ ಆ ಭಾಗಾನೇ ತೆಗೆದು ಹಾಕಿದ್ರು, ಪುಸ್ತಕ 700 ಪುಟದ ಹತ್ರಕ್ಕೆ ಇಳೀತು. ರೆಫರೆನ್ಸ್ ಕೆಲಸಾನ ಎಂಡಿಎನ್ ಚೆನ್ನಾಗಿ ಮಾಡ್ತಿದೆ, ಇನ್ನು ಕಾಗದ ಯಾಕೆ ಅಂತ. ತಪ್ಪೇನಿಲ್ಲ. 2005ರಲ್ಲಿ ಶುರುವಾದ ಆ ತಾಣಕ್ಕೆ 2017ರಲ್ಲಿ ಗೂಗಲ್ಲು, ಮೈಕ್ರೋಸಾಫ್ಟೂ ಬಂದು ಕೈ ಜೋಡಿಸಿದವು. ಬ್ರೌಸರ್ ಮಾಡೋ ಕಂಪನಿಗಳೇ ಒಟ್ಟಿಗೆ ಕೂತು ತಿದ್ದೋ ಪುಟ ನೋಡೋಕೆ ನಿಮಗೆ ನಾಚಿಕೆ!

ಆದ್ರೂ ಹಳೇ ಪುಸ್ತಕ ಒಂದು ತಗೊಂಡು ಅಂಚು ನೋಡಿ. ಎಲ್ಲಾ ಕಡೆ ಬೆಳ್ಳಗಿರುತ್ತೆ, ಒಂದೆರಡು ಕಡೆ ಮಾತ್ರ ಬೆರಳ ಜಿಡ್ಡು ಕಪ್ಪಾಗಿ ಕೂತಿರುತ್ತೆ. ಅಲ್ಲಿ ಬಿಚ್ಚಿದ್ರೆ ರೆಗ್ಯುಲರ್ ಎಕ್ಸ್‌ಪ್ರೆಶನ್! ಹಿಂದಿನ ಓನರ್ ಯಾರೋ ಏನೋ, ಅವರ ವೀಕ್ನೆಸ್ ಮಾತ್ರ ನಿಮ್ಮ ಕೈಯಲ್ಲಿ. (ನಿಮ್ಮ ಪುಸ್ತಕದ ಅಂಚಲ್ಲಿ ಜಿಡ್ಡೇ ಇರಲ್ಲ, ಧೂಳು ಇರುತ್ತೆ. ಮಾನಿಟರ್ ಎತ್ತರಕ್ಕೆ ಬರಲಿ ಅಂತ ಅಡಿಗೆ ಇಟ್ಟಿದೀರಲ್ಲ.)

ಈಗ ಅಸಲಿ ವಿಷಯಕ್ಕೆ ಬರ್ತೀನಿ. ಹತ್ರ ಬನ್ನಿ, ಜೋರಾಗಿ ಹೇಳೋದಲ್ಲ. ಕನ್ನಡ ಪೇಜು ಮಾಡುವಾಗ ಮೇಲುಗಡೆ ಎಚ್‌ಟಿಎಂಎಲ್ ಟ್ಯಾಗಲ್ಲಿ ಲ್ಯಾಂಗ್ ಅಂತ ಒಂದು ಆಟ್ರಿಬ್ಯೂಟ್ ಇರುತ್ತಲ್ಲ, ಅಲ್ಲಿ ಏನು ಬರೀತೀರಿ? ಕರ್ನಾಟಕ, ಕೆಎ. ದಿಂಬಂ ಘಾಟಿ ಇಳಿದು ಬರೋ ನಿಮ್ಮೂರ ಗಾಡಿಗಳ ಮೇಲೆಲ್ಲ ಅದೇ ಇರುತ್ತೆ, ಇನ್ನೇನು ನೋಡೋದು, ಅಲ್ವಾ?

ಕೆಎ ಅಂದ್ರೆ ಜಾರ್ಜಿಯನ್, ಮಹಾರಾಯರೇ! ಕಾಕಸಸ್ ಬೆಟ್ಟದ ಕಡೆಯ ಜಾರ್ಜಿಯಾ ದೇಶದ ಭಾಷೆ. ಕನ್ನಡಕ್ಕೆ ಕೊಟ್ಟಿರೋದು ಕೆಎನ್. ಹೋಗ್ಲಿ, ತಮಿಳಿಗೆ ಟಿಎನ್ ಹಾಕೋಣ ಅಂದ್ರೆ ಅದು ಬೋಟ್ಸ್ವಾನಾ, ದಕ್ಷಿಣ ಆಫ್ರಿಕಾದಲ್ಲಿ ಮಾತಾಡೋ ತ್ಸ್ವಾನಾ ಭಾಷೆ, ತಮಿಳಿನದು ಟಿಎ. ಉಕ್ಕಡಂ ಸಿಗ್ನಲಲ್ಲಿ ಪಾಲಕ್ಕಾಡ್ ಕಡೆಯ ಕೆಎಲ್ ಗಾಡಿ ನಿಂತಿರುತ್ತಲ್ಲ, ಆ ಕೆಎಲ್ ಯಾರದ್ದು ಗೊತ್ತಾ? ಗ್ರೀನ್‌ಲ್ಯಾಂಡಿನದು! ಮಲಯಾಳಂಗೆ ಎಂಎಲ್. ನಂಬರ್ ಪ್ಲೇಟ್ ನೋಡ್ಕೊಂಡು ಪೇಜು ಬರೆದ್ರೆ ಒಂದೇ ಸಿಗ್ನಲಲ್ಲಿ ಮೂರು ಖಂಡ ಸುತ್ತಿ ಬರಬಹುದು.

ನಗ್ತಿದೀರಿ. ಇದರಲ್ಲಿ ನಗೋಕಾಗದ್ದು ಏನಂದ್ರೆ, ಪೇಜು ಚೆನ್ನಾಗೇ ಕಾಣುತ್ತೆ. ಕೆಂಪು ಎರರ್ ಬರಲ್ಲ, ಕನ್ಸೋಲ್ ಮಾತಾಡಲ್ಲ, ಟೆಸ್ಟಿಂಗ್ ಹುಡುಗಿ ಪಾಸ್ ಅಂತ ಟಿಕ್ ಹಾಕ್ತಾಳೆ. ಕಣ್ಣು ಕಾಣದವರು ಯಾರೋ ಸ್ಕ್ರೀನ್ ರೀಡರ್ ಹಾಕ್ಕೊಂಡು ಕೇಳೋಕೆ ಕೂತಾಗ, ಆ ಸಾಫ್ಟ್‌ವೇರು ನಿಮ್ಮ ಮಾತು ನಂಬಿ ಕನ್ನಡಕ್ಕೆ ಜಾರ್ಜಿಯನ್ ದನಿ ಹುಡುಕೋಕೆ ಹೊರಡುತ್ತೆ. ಅವರು ನಿಮಗೆ ಫೋನ್ ಮಾಡಿ ದೂರು ಹೇಳಲ್ಲ. ಪೇಜು ಮುಚ್ಚಿ ಹೋಗ್ತಾರೆ ಅಷ್ಟೇ.

ಸರಿ, ಕೆಎನ್ ಅಂತ ಗೊತ್ತಾಯ್ತು, ಪುಟ ಮುಚ್ಚೋಕೆ ಹೊರಟ್ರಿ. ನಿಲ್ಲಿ ನಿಲ್ಲಿ, ಪಕ್ಕದ ಸಾಲು ಅಂದ್ನಲ್ಲ. ಭಾಷೆಯ ಕೋಡ್ ಆದ್ಮೇಲೆ ಒಂದು ಅಡ್ಡಗೆರೆ ಎಳೆದು ಲಿಪಿಯ ಕೋಡೂ ಹಾಕಬಹುದು ಅಂತ ಅಲ್ಲೇ ಬರೆದಿರುತ್ತೆ. ಕನ್ನಡ ಮಾತು, ಇಂಗ್ಲಿಷ್ ಅಕ್ಷರ, ನಿಮ್ಮ ವಾಟ್ಸಾಪ್ ಶೈಲಿ, ಅದಕ್ಕೆ ಕೆಎನ್-ಎಲ್‌ಎಟಿಎನ್. ನಿಮ್ಮ 'ಊಟ ಆಯ್ತಾ'ಗೂ ಜಾಗ ಇಟ್ಟಿದಾರೆ ನೋಡಿ.

ಇದೇನು ದೊಡ್ಡದು ಅಂತೀರಾ? ನಿಮ್ಮ ಕೊಯಮತ್ತೂರಲ್ಲೇ ಇರೋ ದೇವಾಂಗರ ಮನೆಗಳನ್ನ ನೆನೆಸ್ಕೊಳ್ಳಿ. ಮಗ್ಗದ ಮನೆತನ, ರಾಜವೀದಿಯಲ್ಲಿ ಚೌಡೇಶ್ವರಿ ಗುಡಿ, ಮನೆಯೊಳಗೆ ತಲೆಮಾರುಗಳಿಂದ ಕನ್ನಡ. ಆದ್ರೆ ಓದಿದ್ದೆಲ್ಲ ತಮಿಳು ಸ್ಕೂಲಲ್ಲಿ, ಹಂಗಾಗಿ ಮನೆ ಕನ್ನಡಾನ ಕಾಗದದ ಮೇಲೆ ಇಳಿಸ್ಬೇಕಾದ್ರೆ ಬಹಳ ಜನಕ್ಕೆ ಕೈಗೆ ಬರೋದು ತಮಿಳು ಅಕ್ಷರ. ಅಂಥ ಅಜ್ಜಿಯೊಬ್ಬರ ಸೋಬಾನೆ ಪದಾನ ಮೊಮ್ಮಗ ತಮಿಳು ಲಿಪಿಯಲ್ಲೇ ಟೈಪ್ ಮಾಡಿ ಪೇಜಿಗೆ ಹಾಕ್ತಾನೆ ಅನ್ನಿ. ಅದು ತಮಿಳಾ? ಅಲ್ಲ. ಬರೀ ಕೆಎನ್ ಅಂದ್ರೆ ಸಾಲುತ್ತಾ? ಸಾಲಲ್ಲ. ಕೆಎನ್-ಟಿಎಎಂಎಲ್! ಅಜ್ಜಿಯ ಕನ್ನಡಕ್ಕೆ ಇಡೋ ಗುರುತು ಆಗಲೇ ನಿಯಮದ ಪುಸ್ತಕದಲ್ಲಿ ಸಿದ್ಧವಾಗಿದೆ. ಯಾರೂ ಪುಟ ತಿರುಗಿಸಿಲ್ಲ, ಅಷ್ಟೇ.

ಅಕ್ಷರದ ಮಾತು ಬಂತಲ್ಲ, ಇನ್ನೊಂದು ಚಿಕ್ಕದು ಹೇಳಿ ಬಿಡ್ತೀನಿ. 'ಉಕ್ಕಡಂ' ಅನ್ನೋದರಲ್ಲಿ ಅಕ್ಷರ ಎಷ್ಟು? ಒಂದನೇ ಕ್ಲಾಸಿನ ಮಗು ಮೂರು ಅನ್ನುತ್ತೆ: ಉ, ಕ್ಕ, ಡಂ. ಜಾವಾಸ್ಕ್ರಿಪ್ಟಿನ ಲೆಂಗ್ತ್ 6 ಅನ್ನುತ್ತೆ. ಅದಕ್ಕೆ ಒತ್ತು, ಅನುಸ್ವಾರ ಎಲ್ಲ ಬೇರೆ ಬೇರೆ ತಲೆ, ಒತ್ತಕ್ಷರದ ಮಧ್ಯೆ ಕಾಣದೇ ಕೂತಿರೋ ಹಲಂತಕ್ಕೂ ಒಂದು ಲೆಕ್ಕ. ಅದೇ ಊರ ಹೆಸರು ತಮಿಳಲ್ಲಿ ಬರೆದ್ರೆ 7. ನೀವು ಫಾರ್ಮಲ್ಲಿ 'ಮ್ಯಾಕ್ಸ್‌ಲೆಂಗ್ತ್ 10 ಸಾಕು, ಯಾರ ಹೆಸರು ಅಷ್ಟು ಉದ್ದ ಇರುತ್ತೆ' ಅಂತ ಇಟ್ಟಿದೀರಲ್ಲ, ಅದು ಲೆಕ್ಕ ಹಾಕೋದೂ ಹಿಂಗೇ. ವೆಂಕಟಸುಬ್ರಹ್ಮಣ್ಯಂ ಅನ್ನೋರು ಬಂದು ಅರ್ಧ ಹೆಸರಲ್ಲಿ ನಿಂತ್ಕೋತಾರೆ.

ಏನು, ಮುಖ ಯಾಕೆ ಹಂಗಾಯ್ತು? ಹೋದ ವರ್ಷ ಯಾರದೋ ಕನ್ನಡ ಸಂಘಕ್ಕೆ ಫ್ರೀಯಾಗಿ ಒಂದು ಪೇಜು ಮಾಡಿಕೊಟ್ರಿ, ಅಲ್ವಾ? ರಾಜ್ಯೋತ್ಸವದ ದಿನ ಶಾಲು ಹೊದಿಸಿ ಹಾರ ಹಾಕಿದ್ರಲ್ಲ, ಅದೇ. ಈಗಲೇ ತೆಗೀರಿ. ಕಂಟ್ರೋಲ್ ಯು ಒತ್ತಿ, ಸೋರ್ಸ್ ಬರುತ್ತೆ. ಎರಡನೇ ಸಾಲು ನೋಡಿ. ಲ್ಯಾಂಗ್ ಅಂತ ಇದೆಯಾ? ಇಲ್ವೇ ಇಲ್ವಾ? ಓ, ಇದೆ. ಏನಂತ ಇದೆ?

'ಇಎನ್' ಅಂತ ಇದೆಯಾ! (ಟೆಂಪ್ಲೇಟಲ್ಲಿ ಮೊದಲೇ ಇತ್ತು, ಮುಟ್ಟೇ ಇಲ್ಲ ಅಂತ ಈಗ ಹೇಳ್ತೀರಿ.) ಆಯ್ತು, ಶಾಲು ವಾಪಸ್ ಕೇಳಲ್ಲ ಬಿಡಿ. ಎರಡೇ ಅಕ್ಷರ, ತಿದ್ದಿಬಿಡಿ. ಆದ್ರೆ ಇವತ್ತು ಶುಕ್ರವಾರ, ಸಂಜೆ ಆಯ್ತು. ಡಿಪ್ಲಾಯ್ ಮಾತ್ರ ಸೋಮವಾರ ಮಾಡಿ.