ಲೂಪಣ್ಣ

ಆಂಡ್ರಾಯ್ಡ್ ಆ್ಯಪ್ ಬರೆಯುವ ತಂಡ ಎಂದ ಮೇಲೆ ಅಲ್ಲೊಬ್ಬ ಲೂಪಣ್ಣ ಇದ್ದೇ ಇರುತ್ತಾನೆ. ಒಂದೇ ಬಗೆಯ ಸಾಲನ್ನು ಎರಡು ಸಲ ಬರೆಯುವುದೆಂದರೆ ಅವನಿಗೆ ಮೈಲಿಗೆ. ಕ್ಯಾಲ್ಕ್ಯುಲೇಟರಿನ ಹತ್ತು ಅಂಕಿಗೆ ಹತ್ತು ಬಟನ್ನು. ಬೇರೆಯವರು ಹತ್ತು ಐಡಿಗಳನ್ನೂ ತೆಪ್ಪಗೆ ಬರೆದುಕೊಳ್ಳುತ್ತಾರೆ. ಇವನು ಮಾತ್ರ ‘ಬಟನ್’ ಎಂಬ ಪದದ ಬಾಲಕ್ಕೆ 0ಯಿಂದ 9ರವರೆಗೆ ಅಂಟಿಸುತ್ತ, ಹೆಸರಿನಿಂದ ಐಡಿ ಹುಡುಕಿಕೊಡುವ ಗೆಟ್‌ಐಡೆಂಟಿಫೈಯರ್ ಕೈಲಿ ಒಂದೊಂದನ್ನೇ ಹೆಸರು ಹಿಡಿದು ಕೂಗಿಸುತ್ತಾನೆ. ಮೂರೇ ಸಾಲು! ಪಕ್ಕದವರನ್ನು ಕರೆದು ತೋರಿಸುತ್ತಾನೆ ಕೂಡ. ಇವನನ್ನು ಸೋಮಾರಿ ಎಂದರೆ ತಪ್ಪಾಗುತ್ತದೆ. ಇವನ ಕಾಯಿಲೆ ನಂಬಿಕೆ: ತಾನಿಟ್ಟ ಹೆಸರನ್ನು ಲೋಕದಲ್ಲಿ ಯಾರೂ ಬದಲಿಸರು ಎಂಬ ನಂಬಿಕೆ.

ಆಂಡ್ರಾಯ್ಡ್‌ಗೆ ಅಂಥ ನಂಬಿಕೆಯಿಲ್ಲ. ಆ್ಯಪ್ ಕಟ್ಟುವಾಗಲೇ ಪ್ರತಿ ಹೆಸರಿಗೂ ಒಂದು ಸಂಖ್ಯೆ ಕೊಟ್ಟು, ‘ಆರ್’ ಎಂಬ ಕ್ಲಾಸಿನಲ್ಲಿ ಬರೆದಿಡುತ್ತದೆ. ಅದರ ಮೂಲಕ ಕೇಳುವಾಗ ಕಾಗುಣಿತ ತಪ್ಪಿದರೆ ಕಂಪೈಲರ್ ಅಲ್ಲೇ ಕಿವಿ ಹಿಂಡುತ್ತದೆ. ಕೂಗಿ ಕರೆದರೆ ಅದಕ್ಕೆ ಕೇಳಿಸುವುದೇ ಇಲ್ಲ. ಆ್ಯಪ್ ಓಡುವಾಗ ಹುಡುಕಾಟ, ಸಿಗದಿದ್ದರೆ 0 ಎಂಬ ಉತ್ತರ, ಅಷ್ಟೇ. ಹೀಗೆ ಹುಡುಕುವುದು ನಿಧಾನ, ಆದಷ್ಟು ಬೇಡ ಎಂದು ಆಂಡ್ರಾಯ್ಡ್‌ನ ಕೈಪಿಡಿಯೇ ಹೇಳುತ್ತದೆ. ಹತ್ತು ಬಟನ್ನಿಗೆ ಎಂಥ ನಿಧಾನ ಎಂದು ಲೂಪಣ್ಣ ನಗುತ್ತಾನೆ. ಆ ನಗು ನ್ಯಾಯವೇ. ತೊಂದರೆಯಿರುವುದು ಆ 0ಯ ಮೌನದಲ್ಲಿ. ಹವಾಮಾನದ ಆ್ಯಪೊಂದು ಚಿತ್ರಗಳನ್ನು ಹೀಗೇ ಹುಡುಕುತ್ತದೆ ಎನ್ನಿ. ಏಪ್ರಿಲ್‌ನಲ್ಲಿ ಪರೀಕ್ಷಿಸಿದರೆ ಸೂರ್ಯ ಕಳೆಕಳೆಯಾಗಿ ಮೂಡುತ್ತಾನೆ. ಮಳೆಯ ಚಿತ್ರದ ಹೆಸರನ್ನು ಯಾರೋ ತಿದ್ದಿದ್ದು ಬಯಲಾಗುವುದು ಜೂನ್‌ನಲ್ಲಿ, ಮಂಗಳೂರಿನವರ ಫೋನಿನಲ್ಲಿ: ಹೊರಗೆ ಧೋ ಎಂದು ಸುರಿಯುತ್ತಿದೆ, ಪರದೆಯಲ್ಲಿ ಖಾಲಿ ಜಾಗ. ಬಳಸದ ಚಿತ್ರಗಳನ್ನು ಗುಡಿಸಿ ಹಾಕುವ ಸಲಕರಣೆಯನ್ನು ಬಿಗಿಯಾಗಿ ಓಡಿಸಿದರಂತೂ, ಹೆಸರಿನಲ್ಲಷ್ಟೇ ಬದುಕಿದ್ದ ಚಿತ್ರವೂ ಕಸದ ಜೊತೆ ಹೋದೀತು.

‘ಹೆಸರು ಸರ್ವರ್‌ನಿಂದ ಬರುತ್ತದಲ್ಲ, ನಾನೇನು ಮಾಡಲಿ?’ ಇದು ಅವನ ಗಟ್ಟಿ ವಾದ. ಹೆಸರು ಎಲ್ಲಿಂದಲಾದರೂ ಬರಲಿ, ಚಿತ್ರಗಳಿರುವುದು ಆ್ಯಪಿನ ಹೊಟ್ಟೆಯೊಳಗೇ. ಯಾವ ಹೆಸರಿಗೆ ಯಾವ ಐಡಿ ಎಂದು ಪಟ್ಟಿ ಬರೆದಿಟ್ಟು, ಗುರುತಿಲ್ಲದ ಹೆಸರಿಗೆ ಒಂದು ಸಾಮಾನ್ಯ ಮೋಡ ತೋರಿಸಿದರಾಯಿತು. ಬೇರೊಂದು ಆ್ಯಪಿನ ಥೀಮಿನಿಂದ ಚಿತ್ರ ತರಬೇಕಾದಾಗ, ಅದರ ‘ಆರ್’ ನಮ್ಮ ಕೈಲಿರುವುದಿಲ್ಲ; ಅಲ್ಲಿ ಲೂಪಣ್ಣನದೇ ಸರಿ. ಲೂಪಿನ ಮೇಲೂ ಯಾರಿಗೂ ದ್ವೇಷವಿಲ್ಲ. ಹತ್ತು ಐಡಿಗಳನ್ನು ಒಂದು ಅರೇಯಲ್ಲಿ ಸಾಲಾಗಿಟ್ಟು ಅದರ ಮೇಲೆ ಲೂಪ್ ಓಡಿಸಬಹುದು. ಲೂಪಣ್ಣ ಕೊನೆಗೆ ಇದನ್ನು ಒಪ್ಪಿದ್ದಾನೆ. ಸದ್ಯ, ಆ ಹತ್ತು ಐಡಿಗಳನ್ನು ಟೈಪ್ ಮಾಡಿಕೊಡುವ ಇನ್ನೊಂದು ಲೂಪ್ ಬರೆಯುತ್ತ ಕೂತಿದ್ದಾನೆ.