ಹೋದ ವಾರದ ಸೂರ್ಯ

ಅರಸೀಕೆರೆ, ಬೇಲೂರು, ಹಳೇಬೀಡಿನ ಕಡೆ ನೆಂಟರಿದ್ದವರಿಗೆಲ್ಲ ಇಂಥ ಭಾವ ಒಬ್ಬರು ಇದ್ದೇ ಇರುತ್ತಾರೆ. ಕೊಬ್ಬರಿ ಮಂಡಿ ಇಟ್ಟಿರಬಹುದು, ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟರಾಗಿ ರಿಟೈರಾಗಿರಬಹುದು. ಕಸುಬು ಯಾವುದೇ ಇರಲಿ, ಬೆಂಗಳೂರಿನಿಂದ ಬಂದ ನೆಂಟರಿಗೆ ಬೆಟ್ಟದ ಮೇಲಿನ ಸೂರ್ಯೋದಯ ತೋರಿಸದೆ ಅವರು ವಾಪಸು ರೈಲು ಹತ್ತಿಸುವುದಿಲ್ಲ.

ಮಾತು ತೆಗೆಯುವುದು ರಾತ್ರಿ ಊಟದ ಹೊತ್ತಿಗೆ. ನಮ್ಮ ಬಾಯಲ್ಲಿ ಮುದ್ದೆಯ ತುತ್ತು ಇರುವ ಸಮಯ ನೋಡಿ, ‘ನಾಳೆ ಬೆಳಗ್ಗೆ ಜೇನುಕಲ್ಲಿಗೆ ಹೋಗ್ತಿದೀವಿ’ ಎನ್ನುತ್ತಾರೆ. ಮುದ್ದೆ ನುಂಗಿ ‘ಬೇಡ ಭಾವ’ ಅನ್ನುವಷ್ಟರಲ್ಲಿ ಅವರು ಎದ್ದು ಕೈ ತೊಳೆದು, ಟಾರ್ಚಿಗೆ ಹೊಸ ಸೆಲ್ ಹಾಕುತ್ತಿರುತ್ತಾರೆ.

ಜನವರಿಯಲ್ಲಿ ಈ ಕಡೆ ಸೂರ್ಯ ಹುಟ್ಟುವುದು ಹೆಚ್ಚುಕಡಿಮೆ 6.50ಕ್ಕೆ. ಭಾವ ನಮ್ಮನ್ನು ಎಬ್ಬಿಸುವುದು 3.30ಕ್ಕೆ. ಅಷ್ಟು ಹೊತ್ತಿನಲ್ಲಿ ಒಳ್ಳೆ ರೈಲು ಸಿಕ್ಕಿದರೆ ಬೆಂಗಳೂರಿಗೇ ಹೋಗಿ ನಮ್ಮ ಹಾಸಿಗೆಯಲ್ಲೇ ಮಲಗಬಹುದು. ‘ಯಾಕೆ ಇಷ್ಟು ಬೇಗ ಭಾವ?’ ಎಂದರೆ, ‘ಅವನು ಬರೋ ಮುಂಚೆ ನಾವಿರಬೇಕು ಕಣಪ್ಪ’ ಎಂಬ ಉತ್ತರ, ಸ್ಟೇಷನ್ನಿಗೆ ಬೀಗರನ್ನು ಎದುರುಗೊಳ್ಳಲು ಹೊರಟವರ ಗಾಂಭೀರ್ಯದಲ್ಲಿ. ಅರಸೀಕೆರೆ ಜಂಕ್ಷನ್ನಿನ ನೆರಳಲ್ಲಿ ಬೆಳೆದವರಿಗೆ ಸೂರ್ಯನೂ ರೈಲಿನ ಹಾಗೆಯೇ: ಬೆಂಗಳೂರು ಬಿಟ್ಟು, ತುಮಕೂರು, ತಿಪಟೂರು ದಾಟಿ, ಐದು ನಿಮಿಷದಲ್ಲಿ ಇಲ್ಲಿಗೆ ಬರುತ್ತಾನೆ. ಆ ಐದು ನಿಮಿಷ ಭೂಗೋಳದ ಲೆಕ್ಕಕ್ಕೂ ಸರಿಯೇ. ಬೆಂಗಳೂರಿನವರಿಗೆ ಮೊದಲು ಸಿಗುತ್ತದಲ್ಲ ಎಂಬ ಹೊಟ್ಟೆಯುರಿ ಭಾವನಿಗಿಲ್ಲ. ‘ಅಲ್ಲಿ ಯಾರು ನೋಡ್ತಾರೆ? ಅವನು ನಿಲ್ಲೋದೇ ಇಲ್ಲಿ.’

ಯಾವ ಬೆಟ್ಟ ಎಂಬುದು ಭಾವನ ಊರಿನ ಮೇಲೆ ಹೋಗುತ್ತದೆ. ಅರಸೀಕೆರೆಯವರಾದರೆ ಚಿಕ್ಕ ತಿರುಪತಿ ಎಂದು ಹೆಸರಾದ ಮಾಲೇಕಲ್ಲು, ಇಲ್ಲವೇ ಹುಣ್ಣಿಮೆಗೆ ಜನ ನೆರೆಯುವ ಜೇನುಕಲ್ಲು ಸಿದ್ದೇಶ್ವರ. ಹಳೇಬೀಡಿನವರಾದರೆ ಪಕ್ಕದಲ್ಲೇ ಪುಷ್ಪಗಿರಿ. ಬೇಲೂರಿನ ಭಾವನಿಗೆ ಇವೆಲ್ಲ ದಿಣ್ಣೆಗಳು. ಅವರು ಜೀಪು ಮಾಡಿಸಿ ಚಿಕ್ಕಮಗಳೂರಿನಾಚೆ 1930 ಮೀಟರ್ ಎತ್ತರದ ಮುಳ್ಳಯ್ಯನಗಿರಿಗೇ ಹೊರಡುವವರು. ಮದುವೆ ಮನೆಯಲ್ಲಿ ಈ ಭಾವಂದಿರು ಒಂದೇ ಪಂಕ್ತಿಯಲ್ಲಿ ಕೂತರೆ ಕೇಳಬೇಕು. ‘ನಿಮ್ಮದರ ಮೇಲೆ ನಿಂತ್ರೆ ಮಂಜು ಬಿಟ್ಟು ಏನ್ ಕಾಣುತ್ರೀ? ನಮ್ಮಲ್ಲಿ ಕೆರೆ ಕಾಣುತ್ತೆ, ತೋಟ ಕಾಣುತ್ತೆ’ ಎಂದು ಅರಸೀಕೆರೆ. ‘ತೋಟ ನೋಡೋಕೆ ಬೆಟ್ಟ ಯಾಕೆ ಹತ್ತಬೇಕು ಸ್ವಾಮಿ, ಬೇಲಿ ಹತ್ರ ನಿಂತ್ರೆ ಸಾಲದೇ?’ ಎಂದು ಬೇಲೂರು. ಪಾಯಸ ಬರುವವರೆಗೆ ಇದು ಇತ್ಯರ್ಥವಾಗುವುದಿಲ್ಲ.

ಹತ್ತುವಾಗ ಭಾವ ಮೆಟ್ಟಿಲ ಲೆಕ್ಕ ಹೇಳುತ್ತಾರೆ. ಕೆಳಗೆ ನಿಂತಾಗ ‘ಏನ್ ಮಹಾ, ಒಂದಿನ್ನೂರು’. ಅರ್ಧ ದಾರಿಯಲ್ಲಿ ನಾವು ಕೂತರೆ ‘ಇನ್ನು ಇನ್ನೂರೇ’. ಮೇಲೆ ತಲುಪಿದ ಮೇಲೆ ‘ಸಾವಿರದ ಮೇಲೆ ಹತ್ತಿದ್ರಿ ಕಣ್ರೀ, ಭೇಷ್!’ ಲೆಕ್ಕದ ಮೇಷ್ಟರಾಗಿದ್ದವರೂ ಹೀಗೆಯೇ ಎಣಿಸುತ್ತಾರೆ.

ನನ್ನಂಥ ಸೋಮಾರಿ ಒಮ್ಮೆ ಬೇರೆ ದಾರಿ ಸೂಚಿಸಿದ್ದುಂಟು. 1121ರ ಸುಮಾರಿಗೆ ಕೆಲಸ ಶುರುವಾಯಿತೆನ್ನುವ ಹಳೇಬೀಡಿನ ಹೊಯ್ಸಳೇಶ್ವರ ಗುಡಿಯಲ್ಲಿ, ನಂದಿಮಂಟಪದ ಹಿಂದೆ ಸೂರ್ಯನ ಗುಡಿಯೇ ಇದೆ. ಒಳಗೆ ಆಳೆತ್ತರ ಮೀರಿದ ಸೂರ್ಯ. ತಿಂಡಿ ತಿಂದು ಹತ್ತು ಗಂಟೆಗೆ ಹೋದರೂ ಇರುತ್ತಾನೆ, ಮೋಡ ಅಡ್ಡ ಬರುವುದಿಲ್ಲ, ಮೆಟ್ಟಿಲೂ ಕಮ್ಮಿ. 2023ರಲ್ಲಿ ಯುನೆಸ್ಕೋದವರೇ ಆ ಗುಡಿಯನ್ನು ಬೇಲೂರು, ಸೋಮನಾಥಪುರದ ಜೊತೆ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದ್ದಾರೆ ಎಂದೂ ವಾದಿಸಿದೆ. ಭಾವ ಕನಿಕರದಿಂದ ನೋಡಿ, ‘ಅವನು ಎಂಟುನೂರು ವರ್ಷದಿಂದ ಎದ್ದೇ ನಿಂತಿದಾನೆ, ಅದರಲ್ಲೇನು ಮಜಾ? ಏಳೋದನ್ನ ನೋಡಬೇಕು’ ಎಂದರು. ನಾನೇ ಎದ್ದೆ.

ಅಕ್ಕ ಮಾತ್ರ ಬರುವುದಿಲ್ಲ. ಮದುವೆಯಾದ ಹೊಸತರಲ್ಲಿ ಹೋಗಿದ್ದಳಂತೆ. ಈಗ ಫ್ಲಾಸ್ಕಿಗೆ ಕಾಫಿ ತುಂಬಿಕೊಟ್ಟು, ‘ನಂಗೆ ಅಡುಗೆಮನೆ ಕಿಟಕೀಲೇ ಕಾಣುತ್ತೆ’ ಎಂದು ಬಾಗಿಲು ಹಾಕಿಕೊಳ್ಳುತ್ತಾಳೆ. ಆ ಮನೆಯಲ್ಲಿ ದಿನವೂ ತಪ್ಪದೆ ಸೂರ್ಯೋದಯ ನೋಡುವವಳು ಅವಳೊಬ್ಬಳೇ.

ಯಾಕೆಂದರೆ ಭಾವ ನೋಡುವುದಿಲ್ಲ. ಪೂರ್ವ ಕೆಂಪಾಗುತ್ತಿದ್ದಂತೆ ಅವರ ಕೆಲಸ ಶುರು. ಎಲ್ಲರನ್ನೂ ಜಾಗ ನೋಡಿ ನಿಲ್ಲಿಸಬೇಕು: ‘ನೀನು ಈ ಬಂಡೆ ಮೇಲೆ, ಪುಟ್ಟಿ ಈಚೆ ಬಾ, ತಲೆ ಅಡ್ಡ ಬರುತ್ತೆ.’ ಕೋತಿಗಳಿಂದ ಚಕ್ಕುಲಿ ಪೊಟ್ಟಣ ಕಾಪಾಡಬೇಕು. ಆ ಕೆರೆ ಯಾವುದು, ಈ ರಸ್ತೆ ಎಲ್ಲಿಗೆ, ಆ ತೋಟ ಯಾರ ಪಾಲಿಗೆ ಬಂದು ಯಾರ ಕೋರ್ಟು ಕೇಸಿನಲ್ಲಿದೆ ಎಂದು ಕತ್ತಲಲ್ಲೇ ಬೆರಳು ಮಾಡಿ ಹೇಳಬೇಕು. ಕೊನೆಗೆ ಕಾಫಿ. ಸರಿಯಾಗಿ ಸೂರ್ಯನ ಅಂಚು ಕಾಣುವ ಕ್ಷಣಕ್ಕೆ ಭಾವ ನಮಗೆ ಬೆನ್ನು ಮಾಡಿ, ಗಾಳಿಗೆ ಹಾರುವ ಪೇಪರ್ ಲೋಟ ಹಿಡಿಯುತ್ತಿರುತ್ತಾರೆ. ‘ಭಾವ, ಬಂತು!’ ಎಂದು ಕೂಗಿದರೆ ಹಿಂತಿರುಗಿ ನೋಡದೆ, ‘ಸಕ್ಕರೆ ಸಾಕಾ ನೋಡು’ ಎನ್ನುತ್ತಾರೆ.

ಆಮೇಲೆ, ಸೂರ್ಯ ಒಂದು ಮಾರು ಮೇಲೇರಿದಾಗ, ಕಣ್ಣು ಕಿರಿದು ಮಾಡಿ ನೋಡುತ್ತಾರೆ. ಮಂಡಿಯಲ್ಲಿ ಚೀಲಕ್ಕೆ ಕೈ ಹಾಕಿ ಕೊಬ್ಬರಿ ತಿರುವಿ ನೋಡುವ ಅದೇ ನೋಟ. ತೀರ್ಪು ಯಾವಾಗಲೂ ಒಂದೇ.

‘ಇವತ್ತು ಬಣ್ಣ ಕಮ್ಮಿ. ಹೋದ ವಾರ ಬರಬೇಕಿತ್ತು ನೀವು.’

ಕೆಳಗಿನ ಬಯಲೆಲ್ಲ ಬಂಗಾರವಾಗಿ, ಮಂಜಿನೊಳಗಿಂದ ತೆಂಗಿನ ಸುಳಿಗಳು ಒಂದೊಂದಾಗಿ ಎದ್ದು ಬರುತ್ತಿದ್ದರೂ, ಅವರು ಸೂರ್ಯನ ಪರವಾಗಿ ಕ್ಷಮೆ ಕೇಳುವ ಹಾಗೆ ಕೈ ಹಿಸುಕುತ್ತಾ ನಿಂತಿರುತ್ತಾರೆ. ಹೋದ ವಾರ ಬಂದವರನ್ನು ನಾನು ವಿಚಾರಿಸಿದ್ದೇನೆ. ಅವರಿಗೆ ಸಂಕ್ರಾಂತಿಗೆ ಬರಬೇಕಿತ್ತು ಎಂದಿದ್ದರಂತೆ.

ಇಳಿಯುವಾಗ ಅರ್ಧ ದಾರಿಯಲ್ಲಿ ಇನ್ನೊಂದು ಮನೆಯವರು ಏದುಸಿರು ಬಿಡುತ್ತಾ ಹತ್ತಿ ಬರುತ್ತಿದ್ದರು. ಗಂಟೆ ಏಳೂವರೆ, ಅವರ ಭಾವ ಯಾರೋ ಸಡಿಲ ಮನುಷ್ಯ ಇರಬೇಕು. ನಮ್ಮವರು ಎರಡು ಮೆಟ್ಟಿಲ ಮೇಲೆಯೇ ನಿಂತು, ಹಣೆ ಚಚ್ಚಿಕೊಂಡರು.

‘ಈಗ ಬರ್ತಿದೀರಾ? ಅಯ್ಯೋ, ಎಂಥದು ತಪ್ಪಿಸ್ಕೊಂಡ್ರಿ! ಹದಿನೈದು ವರ್ಷದಿಂದ ಹತ್ತುತಾ ಇದೀನಿ, ಇವತ್ತಿನಂಥದು ಒಂದೂ ಬಂದಿಲ್ಲ. ಬೇಕಾದ್ರೆ ಇವರನ್ನ ಕೇಳಿ!’

ನಾವು ಹೌದೆಂದು ತಲೆಯಾಡಿಸಿದೆವು.