ನಾನೇ ಲೈನ್‌ಮನ್

ಊರಿನಲ್ಲಿ ಕರೆಂಟು ಹೋದರೆ ಮನೆಮಂದಿಗೆಲ್ಲ ಆ ಕ್ಷಣಕ್ಕೆ ಒಂದು ಕೆಲಸ ಸಿಗುತ್ತಿತ್ತು: ಕರೆಂಟ್ ಆಫೀಸಿನವರನ್ನು ಬಯ್ಯುವುದು. ಅಪ್ಪ ಜಗಲಿಯಲ್ಲಿ ಶುರುಮಾಡಿದರೆ ಅಮ್ಮ ಒಳಗಿನಿಂದ ಪಲ್ಲವಿ ಹಿಡಿಯುತ್ತಿದ್ದಳು. ಬೈಯುವಷ್ಟು ಹೊತ್ತು ಸೆಖೆ ಗೊತ್ತಾಗುತ್ತಿರಲಿಲ್ಲ. ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಹಿತ್ತಲ ಷೆಡ್ಡಿನ ಮೇಲೆ ಎರಡು ಸೋಲಾರ್ ಪ್ಯಾನೆಲ್ ಕೂರಿಸಿ, ಇನ್ವರ್ಟರ್ ತಂದು, ಊರ ತಂತಿಯ ಹಂಗೇ ಬೇಡವೆಂದು ಎದೆಯುಬ್ಬಿಸಿಕೊಂಡು ಓಡಾಡಿದೆನಲ್ಲ, ಆಗ ಕಳೆದುಕೊಂಡದ್ದು ಈ ಸುಖವನ್ನೇ. ಆಫ್-ಗ್ರಿಡ್ ಅಂದರೆ ಕರೆಂಟ್ ಆಫೀಸೂ ನಾನೇ, ಲೈನ್‌ಮನ್ನೂ ನಾನೇ, ದೂರು ಕೊಡುವವನೂ ನಾನೇ.

ಈ ಹುಚ್ಚು ಹಿಡಿಸಿದ್ದು ಸ್ಯಾಂಡಿ ಚಂಡಮಾರುತ. 2012ರ ಅಕ್ಟೋಬರ್ 29ರ ರಾತ್ರಿ ಹೋದ ಕರೆಂಟು ನಮ್ಮ ಬೀದಿಗೆ ವಾಪಸು ಬರಲು ಎಂಟು ದಿನ ಹಿಡಿಯಿತು. ಬೀದಿಯ ಕಂಬಕಂಬಕ್ಕೂ ಸೋಲಾರ್ ಹಲಗೆ, ಎದುರುಮನೆಯ ಮಾಡಿನ ತುಂಬ ಪ್ಯಾನೆಲ್ಲು. ಗಾಳಿ ನಿಂತು ಬಿಸಿಲು ಬಂದರೂ ಒಂದು ಬಲ್ಬು ಹತ್ತಲಿಲ್ಲ. ಗ್ರಿಡ್ಡಿಗೆ ಜೋಡಿಸಿದ ಇನ್ವರ್ಟರು ಗ್ರಿಡ್ ಸತ್ತ ಕೂಡಲೇ ತಾನೂ ಬಾಯಿ ಮುಚ್ಚಬೇಕಂತೆ. ಇಲ್ಲದಿದ್ದರೆ ರಿಪೇರಿಗೆಂದು ಕಂಬ ಹತ್ತಿದವನಿಗೆ ಎದುರುಮನೆ ಬಿಸಿಲೇ ಶಾಕ್ ಹೊಡೆದೀತು. ನ್ಯಾಯವೇ. ಆದರೆ ಫ್ರೀಜರಿನಲ್ಲಿ ಕರಗುತ್ತಿದ್ದ ಅವರೆಕಾಳಿಗೆ ಈ ನ್ಯಾಯ ಹೇಳುವುದು ಹೇಗೆ? ಓಕ್ ಟ್ರೀ ರೋಡಿನಿಂದ ಹೊತ್ತು ತಂದ ನಾಲ್ಕು ಪ್ಯಾಕೆಟ್ ಹಿತಕಿದವರೆಯನ್ನು ಕಸಕ್ಕೆ ಹಾಕುವಾಗ ನನ್ನ ಹೆಂಡತಿಯ ಮುಖ ನೋಡಲಾಗಲಿಲ್ಲ. ಅಂದೇ ಶಪಥ ಮಾಡಿದೆ. ಶಪಥ ಷೆಡ್ಡಿನ ಮೇಲೇರಲು ಹತ್ತು ವರ್ಷವಾಯಿತು, ಆ ಮಾತು ಬೇರೆ.

ಹೋದ ಜನವರಿಯಲ್ಲಿ ಹಿಮಬಿರುಗಾಳಿಯ ಮುನ್ಸೂಚನೆ ಬಂತು. ಆಹಾ ಎಂದುಕೊಂಡು ಷೆಡ್ಡಿಗೆ ಹೋಗಿ ಸ್ವಿಚ್ ಒತ್ತಿದೆ. ಇನ್ವರ್ಟರು ಗುಂಯ್ ಅನ್ನಲಿಲ್ಲ, ಬೀಪ್ ಅನ್ನಲಿಲ್ಲ, ಕೆಂಪು ದೀಪವನ್ನೂ ತೋರಿಸಲಿಲ್ಲ. ಬೈಗುಳ ನಾಲಿಗೆ ತುದಿಗೆ ಬಂದು ನಿಂತಿತು. ಯಾರನ್ನು ಬೈಯಲಿ?

ಮಂಡ್ಯದ ಮಿತ್ರರೊಬ್ಬರು ಫೋನಿನಲ್ಲಿ ನಕ್ಕರು. "ಊರಿನ ಹೆಸರೇ ಸರಿಯಿಲ್ಲ ಕಣಯ್ಯ. ಇನ್ವರ್ಟರ್ ಮಾಡೋದು ಡಿಸಿನ ಎಸಿ ಮಾಡೋ ಕೆಲಸ. ಎಸಿ ಕಂಡ್ರೆ ಆಗ್ದೆ ಊರೆಲ್ಲ ಜಗಳ ಆಡಿದ ಎಡಿಸನ್ ತನ್ನ ಸೀಮೇಲಿ ಅದನ್ನ ಓಡೋಕೆ ಬಿಡ್ತಾನಾ?" ಅವರ ಮಾತನ್ನು ತಳ್ಳಿಹಾಕುವಂತಿರಲಿಲ್ಲ. 1879ರಲ್ಲಿ ಆ ಪುಣ್ಯಾತ್ಮ ಬಲ್ಬು ಉರಿಸಿದ ಮೆನ್ಲೋ ಪಾರ್ಕ್ ನಮ್ಮ ಟೌನ್‌ಷಿಪ್ಪಿನಲ್ಲೇ ಇದೆ. ರ್‍ಯಾರಿಟನ್ ಅಂತಿದ್ದ ಊರು 1954ರಲ್ಲಿ ಅವನ ಹೆಸರಿಟ್ಟುಕೊಂಡಿತು. ಅದೇ ವರ್ಷ ಇದೇ ನ್ಯೂಜೆರ್ಸಿಯ ಮರ್ರೆ ಹಿಲ್‌ನಲ್ಲಿ ಬೆಲ್ ಲ್ಯಾಬ್ಸ್‌ನವರು ಸಿಲಿಕಾನ್ ಸೋಲಾರ್ ಸೆಲ್ಲನ್ನು ಲೋಕಕ್ಕೆ ತೋರಿಸಿದರು. ಬಿದ್ದ ಬಿಸಿಲಿನಲ್ಲಿ ಶೇಕಡಾ 6ರಷ್ಟನ್ನು ಅದು ಕರೆಂಟಾಗಿಸುತ್ತಿತ್ತಂತೆ. ನನ್ನದು ಸೊನ್ನೆ. ಮಿತ್ರರು ಅಷ್ಟಕ್ಕೇ ಬಿಡಲಿಲ್ಲ: "ನಮ್ಮ ಶಿವನಸಮುದ್ರದಿಂದ 1902ರಲ್ಲೇ 90 ಮೈಲಿ ಆಚೆ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಯ್ತು. ನಿಂಗೆ ಷೆಡ್ಡಿಂದ ಅಡುಗೆಮನೆಗೆ ತರೋಕಾಗಲ್ವಾ?"

ಆರು ತಿಂಗಳಿಗೆಂದು ಬಂದಿದ್ದ ಅಮ್ಮ ಸ್ವೆಟರಿನ ಮೇಲೆ ಶಾಲು, ಶಾಲಿನ ಮೇಲೆ ನನ್ನ ಜಾಕೆಟ್ಟು ಹಾಕಿಕೊಂಡು ತಪಾಸಣೆಗೆ ಬಂದಳು. ತಿಪಟೂರಿನ ಮನೆಯ ಯುಪಿಎಸ್ಸನ್ನು ಹದಿನೈದು ವರ್ಷ ಸಾಕಿದವಳು.

"ಡಿಸ್ಟಿಲ್ಡ್ ವಾಟರ್ ಹಾಕಿದ್ಯೇನೋ?"

"ಇದು ಲೀಥಿಯಂ ಅಮ್ಮ, ನೀರು ಕುಡಿಯಲ್ಲ."

"ನೀರೂ ಕೊಡದೆ ಈ ಚಳೀಲಿ ಹೊರಗಿಟ್ರೆ ಇನ್ನೇನಾಗತ್ತೆ?"

ನಾನು ಮೀಟರು ಹಿಡಿದು ಕೂತೆ. ಫ್ಯೂಸು ಸರಿಯಿತ್ತು. ಬ್ಯಾಟರಿಯ ನಟ್ಟು ಬಿಗಿಯಾಗಿತ್ತು. ಕೆಂಪು, ಕಪ್ಪು ತಂತಿಗಳು ಅದಲುಬದಲಾಗಿರಲಿಲ್ಲ. 12 ವೋಲ್ಟಿನ ಬ್ಯಾಟರಿಯ ತುದಿಗಳಿಗೆ ಕಡ್ಡಿ ಮುಟ್ಟಿಸಿದರೆ 0.4! ಆಗ ನೆನಪಾಯಿತು: ದೀಪಾವಳಿಯಲ್ಲಿ ಸರಪಳಿ ದೀಪ ಹಚ್ಚಿದವನು ಇನ್ವರ್ಟರಿನ ಸ್ವಿಚ್ ಆರಿಸಿರಲಿಲ್ಲ. ಕೆಲಸವಿಲ್ಲದಿದ್ದರೂ ಊಟ ಬಿಡದ ಜಾತಿ ಅದು; ಸುಮ್ಮನೆ ಕೂತೇ ಬ್ಯಾಟರಿಯನ್ನು ತಿಂದು ಮುಗಿಸಿತ್ತು. ಬ್ಯಾಟರಿಯೊಳಗಿನ ಕಾವಲುಗಾರ ಇನ್ನು ಸಾಕೆಂದು ಬಾಗಿಲು ಹಾಕಿಕೊಂಡಿದ್ದ. ಪ್ಯಾನೆಲ್ಲಿನಿಂದ ತುಂಬಿಸೋಣವೆಂದರೆ ನಡುವಿನ ಕಂಟ್ರೋಲರು ಎಚ್ಚರಾಗುವುದಕ್ಕೇ ಬ್ಯಾಟರಿಯ ಕರೆಂಟು ಬೇಕು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು. ಸಾಲದ್ದಕ್ಕೆ ಸೊನ್ನೆ ಡಿಗ್ರಿಗಿಂತ ಕೆಳಗೆ ಈ ಬ್ಯಾಟರಿಗೆ ಚಾರ್ಜು ಹಾಕುವಂತೆಯೇ ಇಲ್ಲ. ಅಂದರೆ ಅಮ್ಮ ಅರ್ಧ ಸರಿ. ಅವಳಿಗೆ ಹೇಳಲಿಲ್ಲ.

ಬ್ಯಾಟರಿಯನ್ನು ಮಗುವಿನಂತೆ ಎತ್ತಿಕೊಂಡು ಬೇಸ್‌ಮೆಂಟಿಗೆ ಒಯ್ದೆ. ಮನೆಯಲ್ಲಿ ಬೆಚ್ಚಗಿನ ಜಾಗ ಒಂದೇ, ಫರ್ನೇಸಿನ ಪಕ್ಕ. ಅಲ್ಲಿ ಆಗಲೇ ಅಮ್ಮನ ದೋಸೆಹಿಟ್ಟಿನ ಪಾತ್ರೆ ನನ್ನ ಹಳೆ ಸ್ವೆಟರ್ ಹೊದ್ದು ಕೂತಿತ್ತು. ಅಮ್ಮ ಒಲ್ಲದ ಮನಸ್ಸಿನಿಂದ ಪಾತ್ರೆ ಸರಿಸಿದಳು. ಬೆಳಗ್ಗೆ ನೋಡಿದರೆ ಹಿಟ್ಟು ಉಕ್ಕಿ ಸ್ವೆಟರಿನ ತೋಳಿನೊಳಕ್ಕೆ ನುಗ್ಗಿದೆ, ಬ್ಯಾಟರಿ ಮಾತ್ರ ಹಾಗೇ ಇದೆ. ಗೋಡೆಯ ಪ್ಲಗ್ಗಿನಿಂದ, ಅಂದರೆ ಯಾವ ತಂತಿಯ ಹಂಗು ಬೇಡವೆಂದಿದ್ದೆನೋ ಅದೇ ತಂತಿಯಿಂದ, ಲೀಥಿಯಂ ಚಾರ್ಜರ್ ಕೊಟ್ಟೆ. ಮೂರನೇ ದೋಸೆ ತಟ್ಟೆಗೆ ಬೀಳುವ ಹೊತ್ತಿಗೆ ಮೀಟರು 13ರ ಹತ್ತಿರ ಬಂದಿತ್ತು. ಸಂಜೆ ಎಲ್ಲ ಜೋಡಿಸಿದೆ, ಮೊದಲು ಬ್ಯಾಟರಿ, ಆಮೇಲೆ ಪ್ಯಾನೆಲ್. ಇನ್ವರ್ಟರು ಗುಂಯ್ ಎಂದಿತು. ಷೆಡ್ಡಿನಿಂದ ಅಡುಗೆಮನೆ ಕಿಟಕಿಯವರೆಗೆ ವೈರು ಎಳೆದು ಫ್ರಿಜ್ಜಿಗೆ ಕೊಟ್ಟು ಬಿರುಗಾಳಿಗೆ ಕಾದು ಕೂತೆ.

ಬಿರುಗಾಳಿ ಬಂತು. ಮೊಣಕಾಲುದ್ದ ಹಿಮ ಸುರಿಯಿತು. ಕರೆಂಟು ಒಂದು ಸಲ ಮಿಣುಕಲೂ ಇಲ್ಲ.

"ಇವತ್ತು ಹೋಗಲ್ವೇನೋ?" ಅಮ್ಮನಿಗೂ ಬೇಜಾರು.

ಬೆಳಗ್ಗೆ ಹತ್ತರವರೆಗೆ ತಡೆದೆ. ಆಮೇಲೆ ಮೆಲ್ಲಗೆ ಬೇಸ್‌ಮೆಂಟಿಗಿಳಿದು ಮೇನ್ ಸ್ವಿಚ್ ಕೆಳಗೆ ಎಳೆದೆ. ಕತ್ತಲಲ್ಲಿ ಕಿವಿಗೊಟ್ಟರೆ ಮೇಲೆ ಫ್ರಿಜ್ಜು ಹಾಯಾಗಿ ಗೊರಕೆ ಹೊಡೆಯುತ್ತಿತ್ತು. ಅದರ ಹಿಂದೆಯೇ, ಆಫೀಸ್ ಮೀಟಿಂಗಿನ ನಡುವೆ ಇಂಟರ್ನೆಟ್ ಕಳೆದುಕೊಂಡ ಹೆಂಡತಿಯ ದನಿ ಮೆಟ್ಟಿಲಿಳಿದು ಬಂತು. ಅಮ್ಮ ಅಡುಗೆಮನೆಯಿಂದ ಪಲ್ಲವಿ ಹಿಡಿದಳು.